ಬೆಸುಗೆಯ ಪಕ್ಕ

ಇಂದಿಗಿರ್ಕಾ ಹೊಳೆಯ ದಂಡೆ, ಚಿನ್ನದ ಗಣಿ.
ಸೊನ್ನೆಗಿಂತ ನಲವತ್ತೊಂಬತ್ತು ಕೆಳಗೆ.
ಬಿಟ್ಟ ಉಸಿರು ಕಿವಿಯ ಪಕ್ಕದಲ್ಲೇ ಹರಳುಗಟ್ಟಿ
ಚರಚರ ಸದ್ದು ಮಾಡುತ್ತ ಉದುರುತ್ತದೆ.
ಬುಲ್ಡೋಜರಿನ ಎಡಗಡೆಯ ಸರಪಟ್ಟಿ ಕಳಚಿ
ಹಿಮದ ಮೇಲೆ ಉದ್ದಕ್ಕೆ ಹಾಸಿದ್ದೇವೆ,
ನಲವತ್ತೊಂದು ಗೆಣ್ಣು. ಎಣಿಸಿದ್ದು ನಾನು,
ಬೇರೆ ಕೆಲಸ ಕೊಟ್ಟಿರಲಿಲ್ಲ.

ಬಿರುಕು ಚೌಕಟ್ಟಿನ ಒಳಮೈಯಲ್ಲಿ.
ನನ್ನ ಕಣ್ಣಿಗೆ ಬೀಳಲಿಲ್ಲ.
ಮೊಟ್ರಿಯೋನ ದೀಪವನ್ನು ನೇರ ಹಿಡಿಯಲಿಲ್ಲ,
ಓರೆ ಮಾಡಿದಳು. ಆಗ ಕಂಡಿತು:
ಗ್ರೀಸಿನ ಕೆಳಗಿಂದ ತುಕ್ಕು ಒಸರಿದ ಒಂದು ಗೆರೆ,
ಕೂದಲೆಳೆಯಷ್ಟು, ಗೇಣುದ್ದ.

"ಐಸೆನ್, ಇದರ ತುದಿ ಎಲ್ಲಿ?"
ಬೆರಳಿಟ್ಟು ತೋರಿಸಿದೆ.
"ಅದು ನಿನ್ನ ಕಣ್ಣಿನ ತುದಿ. ಎರಡು ಬೆರಳು ಆಚೆ ಕೊರೆ."

ಕೊರೆದೆ. ಓಡುವ ಬಿರುಕಿಗೆ ದುಂಡನೆಯ ತೂತು
ಊರಗಡಿಯ ಹಾಗೆ. ಅದನ್ನು ದಾಟಲು ಅದಕ್ಕೆ ಮೂಲೆ ಸಿಗುವುದಿಲ್ಲ.
ಆಮೇಲೆ ಅಗೆತ. ಬಿರುಕನ್ನು ಮುಚ್ಚುವುದಲ್ಲ,
ಬೇರುಸಹಿತ ತೆಗೆಯುವುದು,
ಒಳಗೆ ಕಪ್ಪುಗೆರೆ ಕಾಣದಾಗುವ ತನಕ.
ಚಕ್ಕೆಯಾಗಿ ಹಾರಿದ ಕಿಡಿ ಡೇರೆಯ ಬಟ್ಟೆಗೆ ತಾಗಿ
ಅಲ್ಲಲ್ಲಿ ಸಣ್ಣ ನಕ್ಷತ್ರ ಸುಟ್ಟಿತು.

ಅರ್ಧ ಉಜ್ಜಿದಾಗ ಬಣ್ಣದಡಿ ಹಳೆಯ ಬೆಸುಗೆ ಸಿಕ್ಕಿತು.
ಗಟ್ಟಿ, ಅಂದ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಅಲೆ.
ಬಿರುಕು ಅದನ್ನು ಮುಟ್ಟಿಯೇ ಇರಲಿಲ್ಲ.
ಅದರ ಅಂಚು ಹಿಡಿದು, ಪಕ್ಕದ ಕಬ್ಬಿಣದಲ್ಲಿ ಹರಿದಿತ್ತು.
ಕೊನೆಯಲ್ಲಿ ಉಳಿಯಿಂದ ಒತ್ತಿದ ಗುರುತು:
ಹದಿನೇಳು.

ಈ ಗಣಿಯಲ್ಲಿ ಹದಿನೇಳು ಅಂದರೆ ಅವಳೇ.

ನಾನು ಉಜ್ಜುವುದನ್ನು ನಿಲ್ಲಿಸಿದೆ.
ಅವಳು ಮುಖವಾಡ ಎತ್ತಿ, ಮೂಗು ಒರೆಸಿಕೊಂಡು,
ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದಳು:
"ಹನ್ನೊಂದು ವರ್ಷವಾಯಿತು. ಮಗಳ ಮದುವೆ.
ಆರಕ್ಕೆ ಹೆಲಿಕಾಪ್ಟರು ಹೊರಡುವುದಿತ್ತು.
ಕಾಯಿಸಿದೆ, ಬೆಸೆದೆ, ಆರಲು ಬಿಡಲಿಲ್ಲ.
ಕಂಬಳಿ ಕಿತ್ತು ಓಡಿದೆ."
ಸ್ವಲ್ಪ ಹೊತ್ತು ಬಿಟ್ಟು,
"ಮಂಜು ಬಿತ್ತು. ಹೆಲಿಕಾಪ್ಟರು ಏಳಲೇ ಇಲ್ಲ."

ಮುತ್ತು ಒಡೆದರೆ ಬೆಸೆಯದು ಅನ್ನುತ್ತಾರೆ.
ಕಬ್ಬಿಣದ ಮಾತು ಬೇರೆ, ಅದು ಬೆಸೆಯುತ್ತದೆ,
ಬೆಸೆದ ಜಾಗ ಮೊದಲಿಗಿಂತ ಬಿಗಿಯಾಗುತ್ತದೆ.
ಆ ಬಿಗಿಯನ್ನು ಪಕ್ಕದವನು ಹೊರಬೇಕು.

ರಾತ್ರಿ ಎರಡೂ ಬರ್ನರು ಹಚ್ಚಿ ಕಾಯಿಸಿದೆವು.
ಮೊದಲು ಬೆವರಿತು, ಆಮೇಲೆ ಒಣಗಿತು,
ಉಗುಳಿದರೆ ಹನಿ ನಿಲ್ಲದೆ ಕುಣಿದು ಓಡುವಷ್ಟಾದಾಗ
"ಹದ" ಅಂದಳು.
ಒಲೆಯಲ್ಲಿಟ್ಟ ಬಿಸಿ ಕಡ್ಡಿ ಒಂದೊಂದೇ ತಂದುಕೊಟ್ಟೆ.
ಗೇಣುದ್ದಕ್ಕೆ ಎಷ್ಟು ಕಡ್ಡಿ ಅಂತ ಲೆಕ್ಕ ತಪ್ಪಿತು.
ಬೊಟ್ಟಿನಷ್ಟು ಬೆಸೆದು, ಕೆಂಪು ಇಳಿಯುವ ಮೊದಲು
ಸಣ್ಣ ಸುತ್ತಿಗೆಯಿಂದ ತಟ್ಟುತ್ತಾಳೆ,
ಟಕ ಟಕ ಟಕ, ಮಗುವಿನ ಬೆನ್ನು ತಟ್ಟಿ
ತೇಗು ಬರಿಸುವ ಲಯ.
ಒಳಗಿನ ಸೆಳೆತ ಹೊರಗೆ ಬರಲಿ ಅಂತ.

ಮೂರು ಗಂಟೆಗೆ ಮೇಸ್ತ್ರಿ ಕ್ಲಿಮೆಂಟಿ ಬಂದ.
ಬಾಗಿಲಲ್ಲೇ ನಿಂತು, "ಮುಗಿಯಿತಲ್ಲ?"
ಮೊಟ್ರಿಯೋನ ಮಾತಾಡದೆ ಉಣ್ಣೆಯ ದಪ್ಪ ಹೊದಿಕೆ
ಮೂರು ಸುತ್ತು ಸುತ್ತಿ, ಮೇಲೆ ತನ್ನ ಹಳೆಯ ಕೋಟನ್ನೂ ಹೊದಿಸಿ
ಅದಕ್ಕೆ ಒರಗಿ ಕೂತುಬಿಟ್ಟಳು.
ಕ್ಲಿಮೆಂಟಿ ಒಂದಿಷ್ಟು ಬೈದ, ನೆಲಕ್ಕೆ, ಚಳಿಗೆ, ಕಂಪನಿಗೆ.
ಆಮೇಲೆ ತಾನೂ ಚಹಾ ಬಗ್ಗಿಸಿಕೊಂಡ.

ಬೆಳಿಗ್ಗೆ ಬಿಚ್ಚಿದಾಗ
ಕಬ್ಬಿಣ ಉಗುರುಬೆಚ್ಚಗಿತ್ತು, ರೊಟ್ಟಿಯ ಹಾಗೆ.
ಹೊರಮೈಗೆ ಸುಣ್ಣ ಬಳಿದೆ,
ಒಳಗಿಂದ ಸೀಮೆಎಣ್ಣೆ ಸವರಿದೆ.
ಎಲ್ಲಾದರೂ ಸೀಳು ಉಳಿದಿದ್ದರೆ
ಬಿಳಿಯ ಮೇಲೆ ಎಣ್ಣೆಗೆರೆ ಮೂಡಬೇಕು.
ಉಳಿಯನ್ನು ಜೇಬಿನಿಂದ ಇನ್ನೂ ತೆಗೆದಿಲ್ಲ ಅವಳು.

ಮುಕ್ಕಾಲು ಗಂಟೆ ಕಾಯಬೇಕು. ಅರ್ಧ ಕಳೆದಿದೆ.
ಸುಣ್ಣ ಸುಣ್ಣವಾಗಿಯೇ ಇದೆ.
ನಾನು ಬೆಸುಗೆಯನ್ನು ನೋಡುತ್ತಿದ್ದೇನೆ.
ಅವಳು ದೀಪ ಓರೆ ಮಾಡಿ
ಅದರ ಪಕ್ಕ ನೋಡುತ್ತಿದ್ದಾಳೆ.